ಪುಸ್ತಕದಲ್ಲಿ ಇಲ್ಲದ ಸಾಲು

ಮೊನ್ನೆ ಮರಳೂರಿನ ಅಂಗಡಿಯಲ್ಲಿ ಒಣಕೊಬ್ಬರಿ ತೂಗಿಸುವಾಗ ಮೂಗಿಗೆ ಬಡಿದ ಎಣ್ಣೆವಾಸನೆ ನನ್ನನ್ನು ಸೀದಾ ಗುಬ್ಬಿಗೆ, ಅಜ್ಜಿಯ ಜಗಲಿಗೆ ಎಳೆದೊಯ್ದಿತು. ಅಜ್ಜಿ ಅಲ್ಲಿ ಮಚ್ಚಿನಿಂದ ಕೊಬ್ಬರಿಯ ಚಿಪ್ಪು ಬಿಡಿಸುತ್ತಾ ಕೂರುತ್ತಿದ್ದಳು. ಅಕ್ಷರ ಬಾರದ ಅವಳಿಗೆ ಲೈಬ್ರರಿಯ ಕಾದಂಬರಿ ಓದಿ ಹೇಳುವುದು ನನ್ನ ಕೆಲಸ. ಮದುವೆ, ಜಗಳ, ಸಾವು ಬಂದರೆ "ಹ್ಞೂಂ, ಆಯ್ತು" ಅನ್ನುವಳು. 'ಅವಳು ಮನಸ್ಸಿನಲ್ಲೇ ಅಂದುಕೊಂಡಳು' ಎಂದು ಬಂತೋ, ಮಚ್ಚಿನ ಸದ್ದು ನಿಲ್ಲುತ್ತಿತ್ತು. "ಬಾಯ್ಬಿಟ್ಟು ಹೇಳ್ದೇ ಇದ್ದದ್ದು ಬರ್ದೋರಿಗೆ ಹೆಂಗೆ ಗೊತ್ತಾಯ್ತದೆ ಕಣೇ?" ಎಂದು ಪ್ರತಿಸಲ ಬೆರಗಾಗುವಳು. ನನಗೋ ಆ ಪುಟಗಳೆಂದರೆ ಬೇಜಾರು. ಹಾರಿಸಿದರೆ ಹಿಡಿದುಬಿಡುತ್ತಿದ್ದಳು, ಗಟ್ಟಿಗಿತ್ತಿ!

ನನಗೆ ಒಂಬತ್ತು ವರ್ಷವಿದ್ದಾಗ, ಬಾಣಂತನಕ್ಕೆಂದು ಬಂದಿದ್ದ ಅಮ್ಮ ತಮ್ಮನನ್ನಷ್ಟೇ ಎತ್ತಿಕೊಂಡು ಕುಣಿಗಲ್ಲಿನ ನಮ್ಮ ಮನೆಗೆ ಹೊರಟಳು. ಇಬ್ಬರನ್ನೂ ಒಟ್ಟಿಗೆ ನೋಡಿಕೊಳ್ಳಲು ಆಗುವುದಿಲ್ಲವೆಂದು ನನ್ನನ್ನು ಗುಬ್ಬಿಯಲ್ಲೇ ಬಿಟ್ಟಳು. ನಾನು ಯಾರ ಮುಂದೆಯೂ ಅಳಲಿಲ್ಲ. ಆ ಸಂಜೆ ಓದುತ್ತಾ ಓದುತ್ತಾ, ಪುಸ್ತಕದಲ್ಲಿ ಇಲ್ಲದ ಒಂದು ಸಾಲನ್ನು ಸೇರಿಸಿಬಿಟ್ಟೆ: 'ನಾನು ಯಾರಿಗೂ ಬೇಡವಾದೆ ಎಂದು ಅವಳು ಮನಸ್ಸಿನಲ್ಲೇ ಅಂದುಕೊಂಡಳು.' ಮಚ್ಚು ನಿಂತಿತು. ಅಜ್ಜಿ ತಲೆ ಎತ್ತಲಿಲ್ಲ. "ಆ ಹುಡ್ಗೀಗೆ ಹೇಳು, ಅವ್ಳು ಇಲ್ದಿದ್ರೆ ಇಲ್ಲೊಬ್ಳು ಮುದುಕೀಗೆ ಅನ್ನ ಸೇರಾಕಿಲ್ಲ ಅಂತ" ಎಂದಳು. ಆ ಕಾದಂಬರಿಯ ನಾಯಕಿ ಮೂರು ಮಕ್ಕಳ ತಾಯಿ. ನಡುವೆ ಈ ಹುಡುಗಿ ಎಲ್ಲಿಂದ ಬಂದಳೆಂದು ಅಜ್ಜಿ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆಮೇಲೆ ನಮ್ಮಿಬ್ಬರ ಕಷ್ಟಸುಖವೆಲ್ಲ ಹೀಗೆ ಪರರ ಕಥೆಯೊಳಗೇ ನಡೆಯಿತು. ಅವಳು ತನ್ನ ಸಂಕಟವನ್ನೂ "ಅಂತ ಅವ್ಳು ಅಂದ್ಕೊಂಡ್ಳು" ಎಂದೇ ಮುಗಿಸುತ್ತಿದ್ದಳು.

ಗುಬ್ಬಿಯ ಆ ಮನೆ ಈಗಿಲ್ಲ. ಜಗಲಿ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಕೊನೆಯ ವರ್ಷ ಅಜ್ಜಿ ಮರಳೂರಿನಲ್ಲಿ ನನ್ನ ಜೊತೆಗಿದ್ದಳು. ಮೊದಲು ನನ್ನ ಹೆಸರು ಮರೆತಳು, ಆಮೇಲೆ ತನ್ನದನ್ನೂ. ಬೇರೇನೂ ತೋಚದೆ ನಾನು ಹಳೆಯ ಅಭ್ಯಾಸದಂತೆ ಕಾದಂಬರಿ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದೆ. ಕಿವಿಗೆ ಬೀಳುತ್ತಿತ್ತೋ ಇಲ್ಲವೋ, ದೇವರೇ ಬಲ್ಲ. ಒಂದು ಮಧ್ಯಾಹ್ನ ಕೈ ಅಡ್ಡ ಹಿಡಿದು ತಡೆದಳು.

"ಇದ್ಯಾರ ಮನೆ, ನಾನ್ಯಾರು, ಒಂದೂ ತಿಳೀವಲ್ದು, ಭಯ ಆಯ್ತದೆ ಅಂತ ಅವ್ಳು ಅಂದ್ಕೊಂಡ್ಳು. ಹಂಗೆ ಬರ್ದವ್ರಾ?"

ನಾನು ಪುಟದ ಮೇಲೆ ಬೆರಳಿಟ್ಟು, "ಬರ್ದವ್ರೆ ಅಜ್ಜಿ. ಅವ್ಳ ಮೊಮ್ಮಗ್ಳು ಪಕ್ದಲ್ಲೇ ಕೂತವ್ಳೆ ಅಂತಾನೂ ಬರ್ದವ್ರೆ" ಎಂದೆ.

ಅಜ್ಜಿ ಸ್ವಲ್ಪ ಹೊತ್ತು ನನ್ನ ಬೆರಳನ್ನೇ ನೋಡಿದಳು. ಆಮೇಲೆ ದಿಂಬಿಗೆ ಒರಗಿದಳು.

"ಹಂಗಾರೆ ಮುಂದಕ್ಕೆ ಓದು."