ಹರಗೋಲಿನ ಮಹಾರಾಜ

ಮಹಾಜನರೇ, ಇಂದು ಸಾಣಾಪುರದಲ್ಲಿ ಮೊಮ್ಮಕ್ಕಳೊಂದಿಗೆ ಹರಗೋಲು ಹತ್ತಿದೆ. ತೊಯ್ದ ಬಿದಿರಿನ ವಾಸನೆಗೆ ಹಳೆಯ ಸಂಜೆಯೊಂದು ನೆನಪಾಯಿತು!

ನಾನು ಹುಡುಗನಾಗಿದ್ದಾಗ ಆನೆಗೊಂದಿಯ ಹೊಳೆ ದಾಟಿಸುತ್ತಿದ್ದ ಅಂಬಿಗರ ಹನುಮಜ್ಜ ಜಾತಿ ನೋಡದೆ, ತೂಕ ನೋಡಿಯೇ ಜನರನ್ನು ಕೂರಿಸುತ್ತಿದ್ದ. ಆ ಸಂಜೆ ನನ್ನ ಪಕ್ಕ ಕೂರಿಸಿದ್ದು ಕೆಳಗೇರಿಯ ದುರ್ಗವ್ವನನ್ನು. ಮಡಿಲಲ್ಲಿ ಜ್ವರದ ಕೂಸು. ಆಚೆ ದಡದ ವೈದ್ಯರ ಬಳಿ ಹೊರಟಿದ್ದಳು.

ನಾಟಕದ ಹುಚ್ಚಿನ ನಾನು, ಗೌಡರ ಮೊಮ್ಮಗ, ಎದ್ದು ಗುಡುಗಿದೆ: “ಎಲೌ ಹೆಣ್ಣೇ, ದೂರ ಸರಿ!”

“ಭಲೇ ಮಹಾರಾಜ!” ಎಂದು ಹಿರಿಯರೆಲ್ಲ ನಕ್ಕರು.

“ಕುಂದ್ರವ್ವಾ, ತೂಕ ಸರಿ ಐತಿ,” ಎಂದ ಹನುಮಜ್ಜ.

“ಬ್ಯಾಡ ಯಜ್ಜಾ, ನಾಳಿ ಬರ್ತೀನಿ,” ಎಂದು ದುರ್ಗವ್ವ ಇಳಿದಳು. ಅದು ಆ ದಿನದ ಕೊನೆಯ ಹರಗೋಲು.

ಕೂಸು ಉಳಿಯಿತೋ ಇಲ್ಲವೋ, ನಾನು ಕೇಳಲೇ ಇಲ್ಲ.

“ಅಜ್ಜಾರ, ತೂಕ ಸರಿ ಆಗ್ಲಿ, ಆ ಅಕ್ಕನ ಬಾಜೂಕ ಸರೀರಿ,” ಎಂದ ಇಂದಿನ ಅಂಬಿಗ. ಸರಿದು ಕೂತೆ.