ವಕೀಲರ ವಾರದ ಮೆಟ್ಟಿಲು

ಈ ವಾರ ಮೆಟ್ಟಿಲು ತೊಳೆಯುವ ಸರದಿ ಮೇಲಿನ ಮನೆಯ ಕನ್ನಡದ ಹುಡುಗರದು. ಸ್ಟುಟ್‌ಗಾರ್ಟ್‌ನಲ್ಲಿ ಇದಕ್ಕೆ ಕೇರ್‌ವೋಖೆ ಅಂತಾರೆ. ಸರದಿ ಯಾರದೋ ಅವರ ಬಾಗಿಲಿಗೆ ಫಲಕ ಬೀಳುತ್ತದೆ. ಫಲಕ ಅವರ ಬಾಗಿಲಲ್ಲಿದೆ, ಅವರು ಹಾಸಿಗೆಯಲ್ಲಿದ್ದಾರೆ, ಪೊರಕೆ ನನ್ನ ಕೈಯಲ್ಲಿದೆ. ಅಷ್ಟರಲ್ಲಿ ನನ್ನವಳು ಫೋನು ತಂದು ಮೂಗಿಗೇ ಹಿಡಿದಳು. "ನೋಡ್ರೀ, ನಿಮ್ಮ ವಕೀಲರು!" ವಿಡಿಯೋದಲ್ಲಿ ನಮ್ಮ ಹಳೆಯ ನೆರೆಮನೆಯವರು, ಈಗ ಬಿಳಿ ಪಂಚೆಯ ಶಾಸಕರು, ಬೀದಿ ಗುಡಿಸುತ್ತಾ, ಜರ್ಮನಿಯಲ್ಲಿ ಮೆಟ್ಟಿಲು ನಾನೇ ಗುಡಿಸುತ್ತಿದ್ದೆ ಎಂದು ತಮಿಳಿನಲ್ಲಿ ಭಾಷಣ ಬಿಗಿಯುತ್ತಿದ್ದರು. ಮೈ ಉರಿದುಹೋಯಿತು ನನಗೆ.

ಗುಡಿಸುತ್ತಿದ್ದರಂತೆ!

ಜರ್ಮನಿ ಕಂಪ್ಯೂಟರ್ ಕೆಲಸದವರಿಗೆ ಗ್ರೀನ್ ಕಾರ್ಡ್ ಕೊಡುತ್ತಿದ್ದ ಕಾಲ ಅದು. ಕಾರ್ಡು ಸಿಕ್ಕಿದ್ದು ಅವರ ಹೆಂಡತಿಗೆ. ಇವರು ಗಂಡನಾಗಿ ನಮ್ಮ ಮೇಲಿನ ಮನೆಗೆ ಬಂದವರು, ಕೆಲಸ ಮಾಡುವ ಹಾಗಿರಲಿಲ್ಲ. ಗಡಿಯಂಚಿನ ತಮಿಳರು, ಕನ್ನಡ ನೀರು ಕುಡಿದಷ್ಟು ಸಲೀಸು. ಊರ ಕೋರ್ಟಿನಲ್ಲಿ ಎದುರಾಳಿಗೆ ಬೆವರಿಳಿಸಿದ ಮನುಷ್ಯ ಇಲ್ಲಿ ಅನ್ನಕ್ಕಿಟ್ಟು ಕಿಟಕಿ ನೋಡುತ್ತಾ ಕೂತರೆ ಏನಾಗುತ್ತೆ ಹೇಳಿ? ಕೇರ್‌ವೋಖೆ ಮೇಲೆಯೇ ಕೇಸು ಹೂಡಿದರು.

"ಬಾಡಿಗೇನೂ ಕೊಟ್ಟು ಮೆಟ್ಟಿಲೂ ತೊಳೀಬೇಕಾ ಸಾರ್? ನಾನಂತೂ ಪೊರಕೆ ಮುಟ್ಟಲ್ಲ."

ಅವರದೇನು ಹೋಯಿತು! ಕೆಳಮನೆಯ ಒಡತಿ ಹಿಡಿದದ್ದು ನನ್ನನ್ನು. ಇನ್ನೊಂದು ವಾರ ಮೆಟ್ಟಿಲು ಕೊಳಕಾಗಿದ್ದರೆ ಇಂಡಿಯನ್ನರೆಲ್ಲ ಖಾಲಿ ಮಾಡಿ ಎಂದಳು. ಊರಲ್ಲಿದ್ದ ನನ್ನವಳು ಬಸುರಿ, ಇಲ್ಲಿಗೆ ಬರಲು ಟಿಕೆಟ್ಟಾಗಿತ್ತು. ಸ್ಟುಟ್‌ಗಾರ್ಟ್ ಎಲ್ಲ ಅಲೆದು ಸಿಕ್ಕಿದ್ದ ಒಂದೇ ಮನೆ. ಅದೂ ಹೋದರೆ ಅವಳನ್ನು ಎಲ್ಲಿಗೆ ಕರಕೊಂಡು ಹೋಗಲಿ?

ವಕೀಲರ ಜೊತೆ ವಾದಿಸಿ ಗೆದ್ದವರುಂಟೇ! ಹಾಗಾಗಿ ಅವರ ಸರದಿ ಬಂದಾಗೆಲ್ಲ ಬೆಳಗ್ಗೆ ಬೇಗ ಎದ್ದು, ಸದ್ದಿಲ್ಲದೆ ನಾನೇ ತೊಳೆದೆ. ಪುಣ್ಯಾತ್ಮರು ಏನಂದರು ಗೊತ್ತೆ? ಫಳಫಳ ಮೆಟ್ಟಿಲು ತೋರಿಸಿ, "ನೋಡಿದ್ರಾ ಸಾರ್, ಮುದುಕಿ ದಾರಿಗೆ ಬಂದ್ಲು. ಆಳಿಟ್ಟು ತೊಳೆಸ್ತಿದ್ದಾಳೆ!" ಆ ಆಳು ನಾನು ಕಣ್ರೀ! ಬಕೆಟ್ ಅವರ ತಲೆ ಮೇಲೆ ಸುರಿಯುವಷ್ಟು ಸಿಟ್ಟು ಬಂತು. ಹಲ್ಲು ಕಚ್ಚಿಕೊಂಡು ಮುಂದಿನ ಸರದಿಗೂ ನಾನೇ ತೊಳೆದೆ.

ಒಂದು ಬೆಳಗ್ಗೆ ಒಡತಿಗೆ ಸಿಕ್ಕಿಬಿದ್ದೆ. ಇದು ನಿನ್ನ ವಾರವಲ್ಲವಲ್ಲ ಎಂದು ಅವಳು ಕೂಗಾಡಿದ್ದಕ್ಕೆ ವಕೀಲರು ಲುಂಗಿಯಲ್ಲೇ ಇಳಿದು ಬಂದರು. ನನ್ನನ್ನು ನೋಡಿದರು, ಬಕೆಟ್ ನೋಡಿದರು. ಆ ಬಾಯಿ ಮುಚ್ಚಿದ್ದನ್ನು ನಾನು ಕಂಡದ್ದು ಅವತ್ತೇ. ಪೊರಕೆ ಕಿತ್ತುಕೊಂಡು ಉಳಿದ ಮೆಟ್ಟಿಲನ್ನು ಹೇಗೆಹೇಗೋ ಗುಡಿಸಿ, "ಒಂದು ಮಾತು ಹೇಳ್ಬಾರ್ದಾಗಿತ್ತಾ ಸಾರ್?" ಎಂದರು. ಮನೆ ಉಳಿಯಿತು, ನನ್ನವಳು ಬಂದಳು. ಅವರು ಮುಂದಿನ ಸರದಿ ಬರುವ ಮೊದಲೇ ಊರಿಗೆ ಮರಳಿ ಚುನಾವಣೆಗೆ ನಿಂತರು, ಸೋತರು, ಮತ್ತೆ ನಿಂತು ಗೆದ್ದರು.

ಗುಡಿಸಿದ್ದು ಆ ಒಂದೇ ಸಲ. ಬಿಡಬಾರದೆಂದು ಫೋನು ಹಚ್ಚಿದೆ. "ಏನ್ರೀ ವಕೀಲ್ರೇ, ಗುಡಿಸಿದ್ದು ಯಾರು?"

ಮೊದಲು ಜೋರಾಗಿ ನಕ್ಕರು. ಆಮೇಲೆ ದನಿ ಇಳಿಯಿತು. "ಸಾರ್, ಈಗ ಇಲ್ಲಿ ನಾನು ಆಡಿದ್ದಕ್ಕೆಲ್ಲ ಹೂಂ ಅಂತಾರೆ. ಹೋದ ಕಡೆಯೆಲ್ಲ ಬೀದಿ ಫಳಫಳ ಅಂತಿರುತ್ತೆ. ನಿಜವಾಗ್ಲೂ ಊರು ಸರಿಹೋಗಿದೆಯಾ, ಇಲ್ಲಾ ನಾನು ಬರೋ ಮುಂಚೆ ನಿಮ್ಮಂಥೋರು ಯಾರಾದ್ರೂ ಗುಡಿಸಿ ಹೋಗ್ತಿದ್ದಾರಾ? ಯಾರನ್ನ ಕೇಳ್ಲಿ?"

ಫೋನಿಟ್ಟು, ಪೊರಕೆ ಹಿಡಿದುಕೊಂಡೇ ಮೇಲೆ ಹತ್ತಿದೆ. ಹುಡುಗರ ಬೆಲ್ ಒತ್ತಿದೆ. ಕಣ್ಣುಜ್ಜಿಕೊಂಡು ಬಾಗಿಲು ತೆರೆದವನ ಕೈಗೆ ಪೊರಕೆ ಕೊಟ್ಟೆ.

"ಇಷ್ಟು ದಿನ ನಿಮ್ಮ ವಾರ ಗುಡಿಸ್ತಿದ್ದೋನು ನಾನು ಕಣಪ್ಪಾ," ಎಂದೆ.