ಲಗಮಣ್ಣನ ವಸ್ತಿ ಎರಡಿದ್ದವು

ತಿಕೋಂಡಿಯಿಂದ ಮೂಡಣಕ್ಕೆ ಡಾಂಬರು ಮುಗಿಯುವ ಕಡೆ ಮಂಗಲ ಸ್ಕೂಟಿ ನಿಲ್ಲಿಸುತ್ತಾರೆ. ಇನ್ನೂ ಪೂರ್ತಿ ಬೆಳಗಾಗಿಲ್ಲ. ಹಟ್ಟಿಯಿಂದ ಕುರಿಗಳು ಹೊರಬೀಳುತ್ತಿವೆ. ಸೆರಗನ್ನು ತಲೆಗೆ ಸುತ್ತಿಕೊಂಡು, ಮೊಬೈಲನ್ನು ಅಂಗೈಯಲ್ಲಿ ಹಿಡಿದು ಅವರು ಬದುವಿನ ಗುಂಟ ನಡೆಯತೊಡಗುತ್ತಾರೆ. ಹತ್ತು ಹೆಜ್ಜೆಗೊಂದು ಚುಕ್ಕೆ ಮೊಬೈಲಿನಲ್ಲಿ ತಾನಾಗಿಯೇ ದಾಖಲಾಗುತ್ತ ಹೋಗುತ್ತದೆ. ದಾರಿಯ ಕೊನೆಗೆ ಮೂರು ಮನೆ, ಒಂದು ಬಾವಿ. ಅಂಗಳ ಗುಡಿಸುತ್ತಿದ್ದ ಮುದುಕಿ ಸೊಂಟ ನೆಟ್ಟಗೆ ಮಾಡಿ ನೋಡುತ್ತಾಳೆ.

“ಈ ವಸ್ತಿಗಿ ಏನಂತಾರಬೇ?”

“ನಾವು ಮನಿ ಅಂತೀವಿ. ಊರಾಗಿನವ್ರು ಸೋಮನಿಂಗಪ್ಪನ ವಸ್ತಿ ಅಂತಾರ.”

“ಇದ ಹೆಸರಿಂದು ಇನ್ನೊಂದು ಐತೇನು?”

“ಇದ್ದೀತು. ಲೋಕದಾಗ ಸೋಮನಿಂಗಪ್ಪ ಒಬ್ಬನ ಹುಟ್ಟ್ಯಾನೇನು?” ಮುದುಕಿ ನಗುತ್ತಾಳೆ.

ಮಂಗಲ ನಗುವುದಿಲ್ಲ. ಮೂರು ಮನೆ, ಬಾವಿ, ಒಣ ದಿನದಲ್ಲಿ ಜೀಪು ಬರುತ್ತದೆ, ಮಳೆಯಾದರೆ ಬರುವುದಿಲ್ಲ ಎಂದು ಬರೆದುಕೊಳ್ಳುತ್ತಾರೆ. ಚಹಾ ಕುಡಿದು ಹೋಗು ಎಂದರೂ ನಿಲ್ಲುವುದಿಲ್ಲ. ಒಂಬತ್ತಕ್ಕೆ ಅಂಗಡಿ ತೆಗೆಯಬೇಕು.

ಅಂಗಡಿಯಿರುವುದು ರಾಜ್ಯದ ಗಡಿಯಾಚೆ, ಮರಾಠಿ ಆಡಳಿತದ ಜತ್ತ ತಾಲೂಕಿನ ಉಮದಿಯಲ್ಲಿ. ಒಂದು ಝೆರಾಕ್ಸ್ ಯಂತ್ರ, ಒಂದು ಹಳೆಯ ಕಂಪ್ಯೂಟರ್. ಕನ್ನಡದಲ್ಲಿ ಹೇಳಿದ ಗೋಳನ್ನು ಮರಾಠಿಯ ಅರ್ಜಿಯಾಗಿ ಟೈಪು ಮಾಡಿಕೊಡುವುದು ಮೂವತ್ತೊಂಬತ್ತರ ಈ ಹೆಣ್ಣುಮಗಳ ನಿತ್ಯದ ಕಸುಬು. ಗಂಡ ಟ್ರಕ್ ಓಡಿಸುತ್ತಾರೆ, ತಿಂಗಳಿಗೆ ಇಪ್ಪತ್ತು ದಿನ ಊರಲ್ಲಿರುವುದಿಲ್ಲ. ಊರವರು ಕೂಡಿ ಒಂದು ಆಂಬುಲೆನ್ಸ್ ತಂದಾಗ ಅದರ ಫೋನು ಯಾರ ಹತ್ತಿರ ಇರಬೇಕೆಂಬ ಮಾತು ಬಂತು. ಇಡೀ ದಿನ ಒಂದೇ ಕಡೆ ಕೂಡುವವಳು ಮಂಗಲ, ಆಕೆಯ ಹತ್ತಿರವೇ ಇರಲಿ ಎಂದು ತೀರ್ಮಾನವಾಯಿತು.

ಈ ಸೀಮೆಯಲ್ಲಿ ಊರಿನೊಳಗೆ ಇರುವವರಿಗಿಂತ ಹೊಲದಲ್ಲೇ ಮನೆ ಕಟ್ಟಿಕೊಂಡವರು ಹೆಚ್ಚು. ಎರಡು ಮನೆ, ನಾಲ್ಕು ಮನೆ ಸೇರಿದರೆ ಅದೊಂದು ವಸ್ತಿ. ಮೊದಲು ಬಂದು ನೆಲೆ ನಿಂತವನ ಹೆಸರೇ ಅದರ ಹೆಸರು. ಮೊಬೈಲಿನ ನಕಾಶೆಯಲ್ಲಿ ಅಲ್ಲೆಲ್ಲ ಬರೀ ಬಯಲು ಕಾಣುತ್ತದೆ.

ನಾಲ್ಕು ವರ್ಷದ ಹಿಂದಿನ ಮಾತು. ಶೇಂಗಾ ಕೀಳುವ ದಿನಗಳು. ಬೆಳಗಿನ ಹನ್ನೊಂದಾಗಿತ್ತು. ಫೋನಿನ ಆ ಬದಿಯಲ್ಲಿ ಬೀರದೇವ ಎಂಬ ಕುರಿಗಾರ ಏದುಸಿರು ಬಿಡುತ್ತಿದ್ದ: “ನಮ್ಮಾಕಿಗಿ ಹಾವು ಕಡದೈತ್ರಿ. ಲಗಮಣ್ಣನ ವಸ್ತಿ. ಲಗೂನ ಬರ್ರಿ.” ಅಷ್ಟರಲ್ಲಿ ಲೈನು ಹೋಯಿತು, ಮಂಗಲ ತಿರುಗಿ ಫೋನು ಹಚ್ಚಲಿಲ್ಲ. ಮಂಗಲ ಅವರಿಗೆ ಗೊತ್ತಿದ್ದ ಲಗಮಣ್ಣನ ವಸ್ತಿ ಪಡುವಣದಲ್ಲಿತ್ತು, ಅಲ್ಲಿನವರ ಅರ್ಜಿಗಳನ್ನು ಅವರೇ ಬರೆದುಕೊಟ್ಟಿದ್ದರು. ಡ್ರೈವರ್ ಶಿವಶರಣನಿಗೆ ಅದನ್ನೇ ಹೇಳಿ ಕಳಿಸಿದರು. ಅರ್ಧ ತಾಸಿನ ಮೇಲೆ ಅವನ ಫೋನು: “ಅಕ್ಕಾರ, ಇಲ್ಲಿ ಯಾರಿಗೂ ಹಾವು ಕಡದಿಲ್ರಿ.”

ಇನ್ನೊಂದು ಲಗಮಣ್ಣನ ವಸ್ತಿ ತಿಕೋಂಡಿಯ ಕಡೆಗಿತ್ತು. ಗಾಡಿ ತಿರುಗಿ, ದಾರಿ ಕೇಳುತ್ತ ಕೇಳುತ್ತ ಮುಟ್ಟುವ ಹೊತ್ತಿಗೆ ತಾಸಿನ ಮೇಲೆ ಇಪ್ಪತ್ತು ನಿಮಿಷ ಕಳೆದಿತ್ತು. ವಿಜಯಪುರದ ದಾರಿಯಲ್ಲಿ ಬೀರದೇವನ ಹೆಂಡತಿ ಅಕ್ಕವ್ವನ ಉಸಿರು ನಿಂತಿತು. ಇಪ್ಪತ್ತಾರು ವರ್ಷ ಆಕೆಗೆ.

“ಯಾವ ಲಗಮಣ್ಣ ಅಂತ ಒಂದ ಮಾತು ಕೇಳಲಿಲ್ರಿ ನಾ,” ಎನ್ನುತ್ತಾರೆ ಮಂಗಲ. “ಕೇಳಾಕ ಎಷ್ಟು ಹೊತ್ತು ಬೇಕಿತ್ತು?”

ಯಾರೂ ಅವರನ್ನು ತಪ್ಪಿತಸ್ಥೆ ಎನ್ನಲಿಲ್ಲ. ಒಂದು ತಿಂಗಳು ಅವರೇ ಆ ಫೋನು ಮುಟ್ಟಲಿಲ್ಲ. ಆಮೇಲೆ ಒಂದು ನಸುಕಿನಲ್ಲಿ ಸ್ಕೂಟಿ ಹತ್ತಿ ಹೊರಟರು. “ಎಲ್ಲಿ ಹೊಂಟಿ?” ಎಂದರು ಅತ್ತೆ ಇಂದ್ರಾಬಾಯಿ. “ಮನಿ ಹುಡಕಾಕ,” ಎಂದಷ್ಟೇ ಹೇಳಿ ಹೋದರು. ವಾರಕ್ಕೆ ಐದು ದಿನದಂತೆ ಇಂದಿಗೂ ಹೋಗುತ್ತಿದ್ದಾರೆ. ಹದಿನೇಳು ಊರುಗಳ ಸುತ್ತ ಸಾವಿರದ ನೂರ ನಲವತ್ತು ವಸ್ತಿ, ದಾರಿಯ ಚುಕ್ಕೆಗಳೇ ನಾಲ್ಕೂವರೆ ಲಕ್ಷ. ಎರಡು ಸಲ ನಾಯಿ ಕಚ್ಚಿದೆ. ಜಮೀನು ಅಳೆಯಲು ಬಂದವಳೆಂದು ತಿಳಿದು ಮುರಗೆಪ್ಪನೆಂಬವನೊಬ್ಬ ಬಡಿಗೆ ಹಿಡಿದು ಬೆನ್ನಟ್ಟಿದ್ದೂ ಉಂಟು.

ಚುಕ್ಕೆ ಕೂಡಿದವು, ಆದರೆ ಅವನ್ನು ತೋರಿಸುವ ನಕಾಶೆ ಬೇಕಲ್ಲ? ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಮರಾಠಿ, ಹಿಂದಿ ವಿಡಿಯೋ ನೋಡಿ ಪ್ರೋಗ್ರಾಂ ಬರೆಯುವುದನ್ನು ಕಲಿತರು. ಮೊದಲನೆಯ ನಕಾಶೆ ತೆರೆದುಕೊಂಡಿತು, ಆದರೆ ಹತ್ತಿರದ ದಾರಿ ಯಾವುದೆಂದು ಕೇಳಿದರೆ ನಾಲ್ಕೂವರೆ ಲಕ್ಷ ಚುಕ್ಕೆಗಳನ್ನೂ ಒಂದೊಂದಾಗಿ ಅಳೆಯುತ್ತ ಕೂಡುತ್ತಿತ್ತು. ಡ್ರೈವರನ ಹಳೆಯ ಮೊಬೈಲಿನಲ್ಲಿ ಹದಿನೆಂಟು ಸೆಕೆಂಡು. ಹದಿನೆಂಟೇ ಅಲ್ಲವೇ ಎಂದ ಶಿವಶರಣ. ಮಂಗಲ ಎಲ್ಲವನ್ನೂ ಅಳಿಸಿ ಮತ್ತೆ ಬರೆಯಲು ಕೂತರು.

ಆಗ ಅವರಿಗೆ ಸಿಕ್ಕಿದ್ದು ಕ್ವಾಡ್‌ಟ್ರೀ ಎಂಬ ವಿಧಾನ. ಇಡೀ ಸೀಮೆ ಒಂದು ಚೌಕ. ಅದರಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಚುಕ್ಕೆಗಳಿದ್ದರೆ ನಾಲ್ಕು ಪಾಲು ಮಾಡು. ಆ ಪಾಲಿನಲ್ಲೂ ಹೆಚ್ಚಿದ್ದರೆ ಮತ್ತೆ ನಾಲ್ಕು. ಮಂದಿ ಓಡಾಡುವ ಕಡೆ ಚೌಕಗಳು ಸಣ್ಣವಾಗುತ್ತ ಹೋಗುತ್ತವೆ, ಬೋಳು ಗುಡ್ಡ ಒಂದೇ ದೊಡ್ಡ ಚೌಕವಾಗಿ ಉಳಿಯುತ್ತದೆ. ಅತ್ತೆಗೆ ಅವರು ಹೇಳಿದ್ದು ಹೀಗೆ: “ಹೊಲದಾಗ ಕಿವ್ಯಾನ ಬೆಂಡೋಲಿ ಬಿತ್ತು ಅಂತ ತಿಳೀರಿ. ಇಡೀ ಹೊಲ ಹುಡಕ್ತೀರೇನು? ಕಸ ತಗದ ಮಡಿ ಅಷ್ಟ ಹುಡಕ್ತೀರಿ.” ಇಂದ್ರಾಬಾಯಿ ತಲೆಯಾಡಿಸಿದರು. “ಪಕ್ಕದ ಮಡ್ಯಾಗ ಸಿಡದಿದ್ರ?”

ಅದೇ ತಪ್ಪು ಪ್ರೋಗ್ರಾಮಿನಲ್ಲಿತ್ತು. ನಿಂತ ಚೌಕದಲ್ಲಷ್ಟೇ ಹುಡುಕಿ, ಗೆರೆಯ ಆಚೆ ಹತ್ತೇ ಮಾರಿನಲ್ಲಿದ್ದ ಮನೆ ಬಿಟ್ಟು ಎರಡು ಮೈಲಿ ಆಚೆಗಿನ ಮನೆ ತೋರಿಸುತ್ತಿತ್ತು. “ಗೆರಿ ನಾ ಹಾಕಿದ್ದು. ಮನಿ ಅಲ್ಲೇ ಇದ್ವು,” ಎನ್ನುತ್ತಾರೆ ಮಂಗಲ. ಅಕ್ಕಪಕ್ಕದ ಚೌಕಗಳನ್ನೂ ನೋಡಿಯೇ ಉತ್ತರ ಕೊಡುವಂತೆ ತಿದ್ದಲು ಎರಡು ತಿಂಗಳು ಹಿಡಿಯಿತು. ಈಗ ಉತ್ತರ ರೆಪ್ಪೆ ಬಡಿಯುವಷ್ಟರಲ್ಲಿ ಬರುತ್ತದೆ, ನೆಟ್‌ವರ್ಕ್ ಇಲ್ಲದಿದ್ದರೂ ಬರುತ್ತದೆ. ಹೆಸರು ಹೊಡೆದರೆ ಆ ಹೆಸರಿನ ವಸ್ತಿಗಳೆಲ್ಲ ತಮ್ಮ ತಮ್ಮ ಗುರುತಿನೊಂದಿಗೆ ಕಾಣುತ್ತವೆ.

ಒಂದು ವಸ್ತಿಯನ್ನು ಮಾತ್ರ ಅವರು ಮುಂದೂಡುತ್ತಲೇ ಇದ್ದರು. ಎಂಟು ನೂರು ಮುಗಿದ ಮೇಲೆ ಒಂದು ಬೆಳಗ್ಗೆ ಧೈರ್ಯ ಮಾಡಿ ಹೋದರು. ಬೀರದೇವ ಕುರಿ ಬಿಡುತ್ತಿದ್ದ. ಅವರನ್ನು ಕಂಡು ಕಂಬಳಿ ಹಾಸಿದ.

“ಬರ್ರಿ ಅಕ್ಕಾರ, ಕುಂದ್ರಿ. ಸುತ್ತ ಎಲ್ಲಾ ಕಡಿ ಅಡ್ಡಾಡಾಕ ಹತ್ತೀರಂತ ಕೇಳಿದ್ದೆ. ಇಲ್ಲಿಗಿ ಯಾವಾಗ ಬರ್ತೀರಿ ಅಂತ ನೋಡ್ತಿದ್ದೆ.”

ಮಂಗಲ ಕೂಡಲಿಲ್ಲ. ದಾರಿಯಲ್ಲಿ ಹತ್ತು ಸಲ ತಿರುವಿ ಹಾಕಿಕೊಂಡು ಬಂದಿದ್ದ ಮಾತನ್ನು ನಿಂತೇ ಆಡಿದರು: “ಎರಡೂ ವಸ್ತಿಗಿ ಒಂದ ಹೆಸರಾದ್ರ ಮತ್ತ ತಪ್ಪತೈತ್ರಿ. ಇದಕ್ಕ ಅಕ್ಕವ್ವನ ವಸ್ತಿ ಅಂತ ಬರೀಲೇನ್ರಿ?”

ಅವನು ಕಂಬಳಿಯ ಅಂಚಿಗೆ ಕೂತ. “ಬ್ಯಾಡ್ರಿ. ದಾರಿಹೋಕರೆಲ್ಲಾ ಆಕಿ ಹೆಸರು ಹಿಡದು ಕೇಳ್ತಾರ. ದಿನಾ ಕೇಳಾಕ ನನ್ನಿಂದ ಆಗೂದಿಲ್ಲ.” ಆಮೇಲೆ ತಾನೇ ಎದ್ದು, ಗಾಡಿ ಬರುವ ದಾರಿ ಇದು, ಹಳ್ಳ ಬಂದರೆ ಬಳಸಬೇಕಾದ ದಾರಿ ಇದು ಎಂದು ಎರಡು ಮೈಲಿ ಮುಂದೆ ಮುಂದೆ ನಡೆದು ತೋರಿಸಿದ. ದಾರಿ ತಿರುಗುವಲ್ಲಿ ಒಂದು ಬನ್ನಿಗಿಡವಿತ್ತು. ನಕಾಶೆಯಲ್ಲಿ ಆ ವಸ್ತಿ ಈಗ ಬನ್ನಿಗಿಡದ ಲಗಮಣ್ಣನ ವಸ್ತಿ.

ಹೋದ ವರ್ಷ ಆಂಬುಲೆನ್ಸಿಗೆ ಬಂದ ಕರೆ ಅರವತ್ತೆರಡು. ಒಂದು ಸಲವೂ ಗಾಡಿ ದಾರಿ ತಪ್ಪಿಲ್ಲ. “ಮಂದಿ ಬಾಗಲಾ ತಗಿಯೂದ್ರಾಗ ನಾ ಅಂಗಳದಾಗ ಇರ್ತೀನ್ರಿ,” ಎನ್ನುತ್ತಾನೆ ಶಿವಶರಣ. ಆ ಅರವತ್ತೆರಡರಲ್ಲಿ ಐದು ಜನ ಉಳಿಯಲಿಲ್ಲ. ಆ ಐವರ ಮನೆಗೂ ಮಂಗಲ ಹೋಗಿ ಬಂದಿದ್ದಾರೆ. ದಾರಿಯಲ್ಲಿ ಹೊತ್ತು ಹೋಯಿತೇ ಎಂದು ಕೇಳುವುದಕ್ಕೆ. ಇಲ್ಲ ಎಂದ ಮೇಲೂ ಮತ್ತೊಮ್ಮೆ ಕೇಳುತ್ತಾರೆ.

ಡಫಳಾಪುರದ ಕಡೆಯ ವಸ್ತಿಗಳು ಇನ್ನೂ ಉಳಿದಿವೆ. ಹೊಸ ಕಂಪ್ಯೂಟರ್ ಬೇಕೇ ಎಂದರೆ ಇದೇ ಸಾಕು ಎನ್ನುತ್ತಾರೆ. ಸನ್ಮಾನಕ್ಕೆ ಕರೆದವರಿಗೆ ಅಂಗಡಿ ಬಿಟ್ಟು ಬರಲಾಗುವುದಿಲ್ಲ ಎಂದು ಹೇಳಿ ಕಳಿಸಿದ್ದಾರೆ. ಹಾಗಾದರೆ ಮತ್ತೇನು ಆಸೆ ಎಂದು ಕೇಳಿದರೆ ಝೆರಾಕ್ಸ್ ಹಾಳೆಗಳ ಅಂಚು ಸರಿಮಾಡುತ್ತ ಹೇಳುತ್ತಾರೆ.

“ಬೀರದೇವಣ್ಣ ಇವತ್ತಿಗೂ ನನಗ ಒಂದ ಮಾತು ಅಂದಿಲ್ರಿ. ಸಂತಿಗಿ ಬಂದಾಗ ಒಮ್ಮಿ ಇಲ್ಲಿಗಿ ಬಂದು, ಮನಸ್ ಬಿಚ್ಚಿ ಬೈಬೇಕು ನನಗ. ಬೈದು, ಕುಂತು, ಒಂದು ಕಪ್ ಚಹಾ ಕುಡದು ಹೋಗಬೇಕು. ಅಷ್ಟರಿ.”